ನಾರಿನ ಜೊತೆ ನಾರು

ವಿರಾಕಿನ ದಡದಲ್ಲಿ, ತಗಡಿನ ಮಾಡಿನ ಕೆಳಗೆ
ಅರ್ಧ ಆದ ದೋಣಿ ಬೋರಲು ಮಲಗಿದೆ.
ನಾನು ಲುದಿವಿನಾ. ಕೈಗವಸು ಹರಿದಿದೆ.
ಗಾಜಿನ ನಾರು ಚರ್ಮ ಹೊಕ್ಕರೆ ಮೂರು ದಿನ ತುರಿಕೆ;
ಕಣ್ಣಿಗೆ ಕಾಣದು, ಉಗುರಿಗೆ ಸಿಕ್ಕದು,
ಆಡದೆ ನುಂಗಿದ ಮಾತಿನ ಹಾಗೆ
ಒಳಗೊಳಗೇ ಚುಚ್ಚುತ್ತದೆ.

ಅಬಾಕಾ ಹಾಗಲ್ಲ.
ಬಾಳೆಯ ಅಕ್ಕನ ಮಗಳು ಅದು,
ತಿನ್ನಲು ಹಣ್ಣು ಕೊಡದವಳು.
ಗುಡ್ಡದ ಮೇಲೆ ಅತ್ತಿಗೆ ಇಸಿದ್ರಾ ದಿಂಡು ಸೀಳಿ,
ಪಟ್ಟೆಯನ್ನು ಕತ್ತಿಯ ಬಾಯಿಗೆ ಕೊಟ್ಟು,
ಹಿಮ್ಮಡಿ ನೆಲಕ್ಕೊತ್ತಿ ಒಮ್ಮೆ ಎಳೆದರೆ
ತಿರುಳು ಅತ್ತ, ನೀರು ಇತ್ತ,
ಕೈಯಲ್ಲಿ ಉಳಿಯುವುದು ಆಳುದ್ದ ಬೆಳಕು.
ಕಿಲೋಗೆ ಎಷ್ಟು ಸಿಗುತ್ತದೆಂದು ಈಗ ಕೇಳಬೇಡಿ,
ದಲ್ಲಾಳಿ ಪಕ್ಕದಲ್ಲೇ ನಿಂತಿದ್ದಾನೆ.

ಇವೆರಡನ್ನೂ ಒಂದು ಮೈ ಮಾಡಬೇಕು.
"ಮದುವೆ ಇದ್ದ ಹಾಗೆ" ಎಂದ
ಕಾಲೇಜಿನಿಂದ ಬಂದ ಹುಡುಗ ಡೆಲ್ಫಿನ್.
ಅಲ್ಲಪ್ಪಾ, ಮದುವೆಯಲ್ಲಿ ಯಾರೂ ಯಾರನ್ನೂ
ಕ್ಷಾರದಲ್ಲಿ ಅದ್ದಿ ತೊಳೆಯುವುದಿಲ್ಲ.
ತಡಿ.
ತೊಳೆಯುತ್ತಾರೆ.

ಅಬಾಕಾ ನೀರು ಕುಡಿಯುವ ಜಾತಿ,
ಗಾಳಿಯ ತೇವವನ್ನೂ ಬಿಡದೆ ಹೀರಿ ಉಬ್ಬುತ್ತದೆ.
ರಾಳಕ್ಕೆ ನೀರೆಂದರೆ ಆಗದು,
ಒಂದಿಷ್ಟು ಪಸೆ ಉಳಿದರೂ ಹಿಡಿದ ಕೈ ಬಿಡುತ್ತದೆ.
ಅದಕ್ಕೇ ನೆನೆಸು, ಮೇಣ ತೆಗೆ,
ಸಿಹಿನೀರಲ್ಲಿ ಜಾಲಿಸು, ಒಣಗಿಸು, ಮೂಸಿ ನೋಡು:
ಹಸಿ ವಾಸನೆ ಹೋಗಿ
ಇಸ್ತ್ರಿ ಮಾಡಿದ ಅಂಗಿಯ ವಾಸನೆ ಬಂದರೆ ಸರಿ.
ಹೊರಗೆ ಗಾಜು.
ಒಳಗೆ ಅಬಾಕಾ, ಮೂರು ಪದರ,
ಒಂದು ಉದ್ದಕ್ಕೆ, ಎರಡು ಓರೆಗೆ.
ಮತ್ತೆ ಗಾಜು.
ಕುಂಚದಲ್ಲಿ ರಾಳ ಬಳಿ, ರೋಲರಿನಲ್ಲಿ ಗುಳ್ಳೆ ಓಡಿಸು;
ಒಂದೇ ಒಂದು ಗುಳ್ಳೆ ಉಳಿದರೂ
ಕಡಲು ಅದರ ವಿಳಾಸ ಹುಡುಕಿಕೊಂಡು ಬರುತ್ತದೆ.

ಅಣ್ಣ ಪೊನ್ಸಿಯಾನೊನ ದೋಣಿ ಬರೀ ಗಾಜಿನದು.
ಬಿಳಿ, ಹಗುರ, ಮುಖ ಕಾಣುವಷ್ಟು ಹೊಳಪು.
ಊರೇ ಬಂದು ಸವರಿ ನೋಡಿತ್ತು.
ಹವಳದ ಬಂಡೆಗೆ ಬಡಿದಾಗ ಅದು ಏನನ್ನೂ ಹೇಳಲಿಲ್ಲವಂತೆ.
ಈಜಿ ಬಂದವನೊಬ್ಬ ಇಸಿದ್ರಾಳ ಮುಂದೆ ಕೂತು
ಇಷ್ಟೇ ಅಂದ:
"ದೋಣಿ ಇತ್ತು. ಆಮೇಲೆ ಇರಲಿಲ್ಲ."

ಹೋದ ತಿಂಗಳು ಕಾಲೇಜಿನ ಯಂತ್ರದಲ್ಲಿ
ಹುಡುಗ ಎರಡು ಪಟ್ಟಿ ಬಗ್ಗಿಸಿ ತೋರಿಸಿದ.
ಬರೀ ಗಾಜಿನದು ಸುಮ್ಮನಿತ್ತು, ಸುಮ್ಮನಿತ್ತು,
ಟಪ್ಪೆಂದಿತು.
ಹೆಚ್ಚು ಭಾರ ಹೊತ್ತದ್ದು ಅದೇ, ಸುಳ್ಳು ಹೇಳಬಾರದು.
ಬೆರಕೆಯದು ಅದಕ್ಕಿಂತ ಬೇಗ ಬಾಗಿತು. ಬಾಗುತ್ತ
ಎಣ್ಣೆ ಕಾಣದ ಬಾಗಿಲಿನಂತೆ ಕಿರ್ರೆಂದಿತು,
ಮೈಮೇಲೆ ಬಿಳಿ ಗೆರೆಯೊಂದು ಮೂಡಿತು, ನಿಂತಿತು,
ಮತ್ತೆ ಕಿರ್ರ್,
ಎಳೆಗೆ ಎಳೆ ಜೋತುಬಿದ್ದು, ಎರಡಾಗಲು ಒಪ್ಪದೆ.
ಡೆಲ್ಫಿನ್ ಅಂಕಿ ಬರೆದುಕೊಂಡ.
"ಇನ್ನೊಂದು ಮುರಿ" ಎಂದೆ.
ಏಳು ಪಟ್ಟಿ ಮುರಿಸಿದೆ, ಬರೀ ಕೇಳಲಿಕ್ಕೆ.

ಹೂವಿನ ಜೊತೆ ಸ್ವರ್ಗ ಸೇರುವ ನಾರು
ಬೇರೆಲ್ಲೋ ಇರಬಹುದು.
ಇದಕ್ಕೆ ಮುಡಿಸಲು ಹೂವಿಲ್ಲ, ಸ್ವರ್ಗದ ಅವಸರವಿಲ್ಲ.
ಇದು ನಾರಿನ ಜೊತೆ ಕಡಲಿಗೆ ಹೋಗಿ
ಸಂಜೆಗೆ ಮರಳಬೇಕಾದ ನಾರು.

ಭಾನುವಾರ ಇಸಿದ್ರಾ ಗುಡ್ಡ ಇಳಿದು ಬಂದಳು.
ದೋಣಿ ಅವಳ ಕಿರಿಮಗನಿಗೆ.
ಬೆರಳ ಗಿಣ್ಣಿನಿಂದ ತಟ್ಟಿ ನೋಡಿದಳು.
"ನನ್ನದು ಎಲ್ಲಿದೆ, ಕಾಣುವುದೇ ಇಲ್ಲ?"
ಅಂಚಿನಲ್ಲಿ ಒಂದೇ ಒಂದು ಎಳೆ, ರಾಳ ತಾಗದ್ದು,
ಹೊಂಬಣ್ಣದಲ್ಲಿ ಹೊರಗೆ ಚಾಚಿತ್ತು.
"ಇದೊಂದು ಇರಲಿ ಬಿಡು."
ಬಿಡುವಂತಿಲ್ಲ ಅತ್ತಿಗೆ,
ನೀರು ಇದನ್ನೇ ಹಿಡಿದುಕೊಂಡು ಒಳಗೆ ನಡೆಯುತ್ತದೆ.

ಕತ್ತರಿಸಿ ಅವಳ ಕೈಗಿಟ್ಟೆ.
ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು, ಮತ್ತೆ ಸುತ್ತಿಕೊಂಡಳು.
ಉಳಿದ ತುದಿಯ ಮೇಲೆ ನಾನು
ಒಂದು ಹನಿ ರಾಳ ಇಟ್ಟೆ.